ನಾಲ್ಕು ಚಮಚ ಕಾಳುಮೆಣಸು

ಕಚೇರಿಯಲ್ಲಿ ಎಲ್ಲರೂ ಅವನನ್ನು ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದು ಎಷ್ಟೋ ವರ್ಷವಾಗಿತ್ತು. ಒಂದು ದಿನಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವನು ಕರಡು ತಿದ್ದುತ್ತಿದ್ದ. ಬೇರೆಯವರ ತಪ್ಪು ಹುಡುಕಿಯೂ ಮರ್ಯಾದೆಯಿಂದ ಬದುಕಬಹುದಾದ ಉದ್ಯೋಗಗಳು ಭೂಮಿಯ ಮೇಲೆ ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಕೂತಲ್ಲಿ ಕೂರುವ ಜಾಯಮಾನ ಅವನದಲ್ಲ. ರಸ್ತೆಯಲ್ಲಿ ನಡೆದರೆ ಅಂಗಡಿಯ ಬೋರ್ಡು ಕಣ್ಣಿಗೆ ಚುಚ್ಚುತ್ತಿತ್ತು, ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವರ ಕೈಯಲ್ಲಿದ್ದ ಚೀಟಿ. ಒಮ್ಮೆ ಅರ್ಧ ಗಡ್ಡ ಹೆರೆಸಿಕೊಂಡು ಎದ್ದು ಹೋಗಿ ಕ್ಷೌರದಂಗಡಿಯ ಬಾಗಿಲಿನ ಮೇಲಿದ್ದ 'ಕ್ಷೌರ'ದ ಒತ್ತಕ್ಷರ ಸರಿಮಾಡಿ ಬಂದು ಉಳಿದರ್ಧಕ್ಕೆ ಮುಖ ಕೊಟ್ಟಿದ್ದ. ಮದುವೆಗೆ ಮುಂಚೆ ಹೆಂಡತಿ ಬರೆದ ಮೊದಲ ಪತ್ರವನ್ನು ಮೂರು ಕಡೆ ತಿದ್ದಿ ವಾಪಸು ಕಳಿಸಿದ್ದ. ಅವಳು ಅದನ್ನು ಕ್ಷಮಿಸಿ ಮದುವೆಯಾದಳು, ಆದರೆ ಎರಡನೆಯ ಪತ್ರ ಬರೆಯಲಿಲ್ಲ.

ಅಂಥವನ ಕೈಗೆ ಒಂದು ಗುರುವಾರ ಪುರವಣಿಯ ಅಡುಗೆ ಅಂಕಣ ಬಂತು. ಕೆನೆ ಹಾಕಿದ ಕ್ಯಾರೆಟ್ ಸೂಪು. ಬರೆದವರು ಮೂವತ್ತು ವರ್ಷ ಲೆಕ್ಕದ ಪಾಠ ಹೇಳಿ ನಿವೃತ್ತರಾದ ಒಬ್ಬ ಟೀಚರ್. ಹನ್ನೊಂದು ವರ್ಷದಿಂದ ಅಂಕಣ ಅವರದೇ. ನಾಲ್ಕು ಜನಕ್ಕೆ ಎಂದು ಮೇಲೆ ಬರೆದಿತ್ತು. ಕೆಳಗೆ ನಾಲ್ಕು ಕ್ಯಾರೆಟ್, ನಾಲ್ಕು ಸಣ್ಣ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ನಾಲ್ಕು ಬಟ್ಟಲು ನೀರು, ನಾಲ್ಕು ಚಮಚ ಕೆನೆ. ಅದರ ಕೆಳಗೆ, ಕಾಲು ಚಮಚ ಕಾಳುಮೆಣಸಿನ ಪುಡಿ.

ಅಲ್ಪವಿರಾಮ ಅಲ್ಲಿ ನಿಂತುಬಿಟ್ಟ. ಎಲ್ಲವೂ ನಾಲ್ಕು ನಾಲ್ಕಾಗಿ ಸಾಲಾಗಿ ಬರುತ್ತಿರುವಾಗ ನಡುವೆ ಇದ್ದಕ್ಕಿದ್ದಂತೆ ಕಾಲು ಎಲ್ಲಿಂದ ಬಂತು? ಅದೂ ಕಾಲು, ಕಾಳು ಎಂದು ಅಕ್ಕಪಕ್ಕದಲ್ಲಿ. ಟೈಪು ಮಾಡಿದವರ ಬೆರಳು ಜಾರಿದೆ ಎಂದು ಅವನಿಗೆ ಅರೆಕ್ಷಣದಲ್ಲಿ ಖಾತ್ರಿಯಾಯಿತು. ಅಡುಗೆಮನೆ ಎಂದರೆ ಕುಡಿದ ಲೋಟ ಇಟ್ಟು ಬರುವ ಜಾಗ ಎಂದಷ್ಟೇ ಬಲ್ಲ ಅವನು 'ಕಾಲು' ಎಂಬುದನ್ನು ಹೊಡೆದು ಹಾಕಿ ದುಂಡಗೆ 'ನಾಲ್ಕು' ಎಂದು ಬರೆದ. ಆಮೇಲೆ ತನ್ನ ಕಣ್ಣಿನ ಚುರುಕಿಗೆ ತಾನೇ ಮೆಚ್ಚಿ ಎರಡು ಸಲ ಕಾರಿಡಾರಿನಲ್ಲಿ ಓಡಾಡಿ ಬಂದ.

ಶನಿವಾರ ಪುರವಣಿ ಹೊರಬಂತು. ಸೋಮವಾರ ಫೋನು ಶುರುವಾಯಿತು.

ಮೊದಲು ಮಾಡಿದವರು ಒಬ್ಬ ಗೃಹಿಣಿ. ಸೂಪು ಕುಡಿದಾಗಿನಿಂದ ಮಾವನವರು ಮಾತಾಡುತ್ತಿಲ್ಲ, ಕೋಪಕ್ಕೋ ಗಂಟಲಿಗೋ ತಿಳಿಯುತ್ತಿಲ್ಲ ಎಂದರು. ಇನ್ನೊಬ್ಬರು ಇದು ಮನುಷ್ಯರಿಗೋ ಇಲಿಗೋ ಎಂದು ಸಭ್ಯವಾಗಿಯೇ ವಿಚಾರಿಸಿದರು. ಒಬ್ಬ ದರ್ಜಿ ಮಾತ್ರ ಮೂರು ವರ್ಷದಿಂದ ಕಟ್ಟಿದ್ದ ತನ್ನ ಮೂಗು ಒಂದೇ ಗುಟುಕಿಗೆ ಬಿಟ್ಟುಕೊಂಡಿತೆಂದೂ ಲೇಖಕಿಯ ವಿಳಾಸ ಬೇಕೆಂದೂ ಕೇಳಿದ. ಉಳಿದ ಮೂವತ್ತೇಳು ಕರೆಗಳನ್ನು ಅಲ್ಪವಿರಾಮ ಕಿವಿಗೆ ಹಾಕಿಕೊಳ್ಳಲಿಲ್ಲ. ದರ್ಜಿಯ ಮಾತನ್ನು ಮಾತ್ರ ಎದೆಗವಚಿಕೊಂಡ.

ಮಧ್ಯಾಹ್ನ ಸಂಪಾದಕರ ಕೋಣೆಯಿಂದ ಕರೆ ಬಂತು. ಒಳಗೆ ಟೀಚರ್ ಕೂತಿದ್ದರು. ಬೆನ್ನು ನೆಟ್ಟಗೆ, ತೊಡೆಯ ಮೇಲೆ ಕೈಚೀಲ. ಮೇಜಿನ ಮೇಲೆ ಅವರ ಹಾಳೆ, ಹಾಳೆಯ ಮೇಲೆ ಅಲ್ಪವಿರಾಮನ ದುಂಡನೆಯ ಅಕ್ಷರ. ಬೇರೆ ಸಾಕ್ಷಿ ಬೇಕಿರಲಿಲ್ಲ. 'ತಪ್ಪಾಯಿತು' ಎನ್ನುವುದು ನಾಲ್ಕೇ ಅಕ್ಷರದ ಮಾತು. ಅಂದುಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಆ ಮಾತನ್ನು ಬೇರೆಯವರಿಂದ ಹೇಳಿಸಿದ್ದನೇ ಹೊರತು ತಾನು ಹೇಳಿ ಅಭ್ಯಾಸವಿರಲಿಲ್ಲ. ಅವನ ಬಾಯಿಂದ ಬಂದದ್ದು ಬೇರೆಯೇ.

"ನಮ್ಮನೇಲಿ ನಾಲ್ಕೇ ಹಾಕೋದು ಸಾರ್."

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ನಿಮ್ಮನೇಲಿ ಎಷ್ಟು ಜನ ಇದೀರಿ?"

"ಇಬ್ರು."

"ಇಬ್ರೂ ಬದುಕಿದೀರಾ?"

ಸಂಪಾದಕರು ನಗಲಿಲ್ಲ. ಅವರು ಕಡಿಮೆ ಮಾತಿನ ಮನುಷ್ಯ. ಹಾಳೆಯನ್ನು ನೋಡಿದರು, ಗೋಡೆಯನ್ನು ನೋಡಿದರು, ಆಮೇಲೆ ತೀರ್ಪು ಕೊಟ್ಟರು. ಭಾನುವಾರ ಮಧ್ಯಾಹ್ನ ಅವರೂ ಟೀಚರೂ ಅಲ್ಪವಿರಾಮನ ಮನೆಗೆ ಬರುವುದು. ಅಚ್ಚಾದ ಹಾಗೆಯೇ ನಾಲ್ಕು ಚಮಚ ಹಾಕಿ ಮಾಡಿದ ಸೂಪನ್ನು ಇಬ್ಬರೂ ಕುಡಿಯುವುದು. ಕುಡಿಯುವ ಹಾಗಿದ್ದರೆ ತಿದ್ದುಪಡಿ ಹಾಕುವ ಮಾತಿಲ್ಲ. ಟೀಚರೇ ಅಂಕಣ ನಿಲ್ಲಿಸುತ್ತಾರೆ. ಕುಡಿಯಲಾಗದಿದ್ದರೆ ಅಲ್ಪವಿರಾಮ ಕರಡಿನ ಮೇಜು ಬಿಟ್ಟು ಗೋದಾಮಿಗೆ ಹೋಗಿ ಕಾಗದದ ಉರುಳೆಗಳನ್ನು ನೋಡಿಕೊಂಡಿರುವುದು. ಉರುಳೆಗಳ ಮೇಲೆ ಏನೂ ಬರೆದಿರುವುದಿಲ್ಲ ಎಂದು ಸಂಪಾದಕರು ಕೊನೆಗೆ ಸೇರಿಸಿದರು. ಅಲ್ಪವಿರಾಮನಿಗೆ ಕೈಕಾಲು ತಣ್ಣಗಾದದ್ದು ಆ ಕೊನೆಯ ಮಾತಿಗೆ.

ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನಕ್ಕೆ ಇನ್ನೂರು ಜನರ ತಕರಾರು ಕೇಳಿ ಬರುವವಳಿಗೆ ಗಂಡನ ತಕರಾರು ಇನ್ನೂರ ಒಂದನೆಯದು. ಅವಳು ಚಪ್ಪಲಿ ಬಿಡುವ ಮೊದಲೇ ಅವನು ಎಲ್ಲವನ್ನೂ ಹೇಳಿ, ಬಾಗಿಲಿನಿಂದ ಕಿಟಕಿಗೂ ಕಿಟಕಿಯಿಂದ ಬಾಗಿಲಿಗೂ ಓಡಾಡುತ್ತ, 'ನಮ್ಮನೇಲಿ' ಎಂಬ ಭಾಗಕ್ಕೆ ಬಂದ.

"ಯಾವ ಮನೇಲಿ?" ಎಂದಳು ಹೆಂಡತಿ.

ಅವರ ಮನೆಯಲ್ಲಿ ಒಂದು ಸಣ್ಣ ಬಾಟಲಿ ಮೆಣಸಿನ ಪುಡಿ ತಂದರೆ ವರ್ಷ ಬರುತ್ತಿತ್ತು. ಅವಳು ಅದನ್ನು ತಂದು ಅವನ ಕಣ್ಣಮುಂದೆ ಅಲ್ಲಾಡಿಸಿದಳು. ತಳದಲ್ಲಿ ಮುಕ್ಕಾಲು ಚಮಚ ಇದ್ದಿರಬಹುದು. ತಿದ್ದಿದವರು ಯಾರೋ ಅವರೇ ಮಾಡಲಿ, ತಾನು ಭಾನುವಾರ ಕಾಲು ಚಾಚಿಕೊಂಡು ಕೂರುವವಳು ಎಂದು ಹೇಳಿ ಮುಖ ತೊಳೆಯಲು ಹೋದಳು.

ಬುಧವಾರ ಸಂಜೆ ಅಲ್ಪವಿರಾಮ ಮೊದಲ ಸಲ ಒಲೆಯ ಮುಂದೆ ನಿಂತ. ಅರವತ್ತನಾಲ್ಕು ವಿದ್ಯೆಗಳಿವೆ ಎನ್ನುತ್ತಾರೆ. ಉಳಿದ ಅರವತ್ತಮೂರು ಅವನಿಗೆ ಬರುತ್ತಿದ್ದವೋ ಇಲ್ಲವೋ ಹೇಳಲಾರೆ, ಅಡುಗೆ ಮಾತ್ರ ಬರುತ್ತಿರಲಿಲ್ಲ. ಕ್ಯಾರೆಟ್ಟಿನ ಸಿಪ್ಪೆ ಹೆರೆದಾಗ ಕ್ಯಾರೆಟ್ಟಿಗಿಂತ ಸಿಪ್ಪೆಯೇ ಹೆಚ್ಚಾಯಿತು. ಈರುಳ್ಳಿ ಬಾಡಿಸುವಾಗ ಪಾಕವಿಧಾನ ಮತ್ತೆ ಓದಲು ಹೋಗಿ ಅದರಲ್ಲಿ ಎರಡು ಅಲ್ಪವಿರಾಮ ಬಿಟ್ಟುಹೋಗಿರುವುದು ಕಂಡು ಅವುಗಳನ್ನು ಹಾಕುವಷ್ಟರಲ್ಲಿ ಈರುಳ್ಳಿ ಕರಕಲಾಯಿತು. ಎರಡನೆಯ ಸಲದ ಈರುಳ್ಳಿ ಗೆದ್ದಿತು. ಬೇಯಿಸಿದ, ಮಿಕ್ಸಿಯಲ್ಲಿ ಅರೆದ, ಕೆನೆ ಸೇರಿಸಿದ. ಬಣ್ಣ ನೋಡಿದರೆ ಸಂಜೆಯ ಆಕಾಶದ ಹಾಗಿತ್ತು. ಆಮೇಲೆ ಹೊಸ ಬಾಟಲಿ ತೆರೆದು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಹಾಕಿ ಕಲಕಿದ. ಸಂಜೆಯ ಆಕಾಶಕ್ಕೆ ಬೂದಿ ಬಿದ್ದಂತಾಯಿತು.

ಒಂದು ಗುಟುಕು ಕುಡಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಿವಿಯೊಳಗಿಂದ ಏನೋ ಹೊರಟ ಹಾಗಾಯಿತು. ಅವನು ಏನನ್ನೋ ಹೇಳಲು ಹೆಂಡತಿಯ ಕಡೆ ಕೈ ಎತ್ತಿದ, ಬಿಕ್ಕಳಿಕೆ ಹತ್ತಿತು, ಬಿಕ್ಕಳಿಕೆಯ ನಡುವೆ ಸೀನು ಬಂತು. ಹೆಂಡತಿ ಒಂದು ಚೊಂಬು ನೀರು ಕೊಟ್ಟು, ಸಣ್ಣ ಚಮಚದ ತುದಿಯನ್ನು ಸೂಪಿಗೆ ಮುಟ್ಟಿಸಿ ನಾಲಿಗೆಗೆ ತಾಗಿಸಿ, ಕಿಟಕಿಗಳನ್ನೆಲ್ಲ ತೆರೆದಳು.

ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಮೂರು ನಿಮಿಷದಲ್ಲಿ ಅವರು ಕೆಮ್ಮುತ್ತ ಮೇಲೆ ಬಂದು, ಏನಾದರೂ ಸುಡುತ್ತಿದೆಯೇ ಎಂದು ಕೇಳಿದರು. ಸೂಪು ಎಂದು ಉತ್ತರ ಬಂತು. ಯಾರಿಗೆ ಹುಷಾರಿಲ್ಲ ಎಂದರು. ಇವರಿಗೆ ಈಗ ತಾನೇ ಹುಷಾರು ತಪ್ಪಿತು ಎಂದಳು ಹೆಂಡತಿ.

ಆ ರಾತ್ರಿ ಊಟದ ಹೊತ್ತಿಗೆ ಅವನು ಎಷ್ಟೋ ದಾರಿ ಯೋಚಿಸಿದ. ಚಮಚವನ್ನೇ ಸಣ್ಣದು ಮಾಡಿದರೆ ಹೇಗೆ ಎಂದು ಹೊಳೆಯಿತು. ಆದರೆ ಪಾಕವಿಧಾನದ ಕೊನೆಯಲ್ಲಿ 'ಚಮಚ ಎಂದರೆ ಟೀ ಚಮಚ' ಎಂದು ಟೀಚರ್ ಬರೆದಿದ್ದರು, ಅದನ್ನು ತಾನೇ ಒಪ್ಪಿ ಅಚ್ಚಿಗೆ ಬಿಟ್ಟಿದ್ದ. ಹೆಂಡತಿ ಸುಲಭದ ದಾರಿ ಹೇಳಿದಳು: ಕಾಲು ಚಮಚ ಹಾಕಿ ನಾಲ್ಕು ಹಾಕಿದೆ ಎಂದರಾಯಿತು, ಯಾರು ನೋಡಲು ಬರುತ್ತಾರೆ. ಅವನಿಗೆ ಸಿಟ್ಟು ಬಂತು. ಅಚ್ಚಾದದ್ದಕ್ಕೆ ಮೋಸ ಮಾಡುವುದು ತನ್ನಿಂದಾಗದು ಎಂದ. ಸಂಪಾದಕರ ಎದುರು ಹಾಡುಹಗಲೇ ಸುಳ್ಳು ಹೇಳಿ ಬಂದವನಿಗೆ ಚಮಚದ ವಿಷಯದಲ್ಲಿ ಇಷ್ಟು ಸತ್ಯನಿಷ್ಠೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮನುಷ್ಯ ಎಲ್ಲ ಕಡೆ ಒಂದೇ ಸಮನೆ ಪ್ರಾಮಾಣಿಕನಾಗಿರುವುದು ಕಷ್ಟ. ಇವನು ಸಾಧ್ಯವಿದ್ದ ಕಡೆ ಇದ್ದ.

"ನಾಲ್ಕು ಚಮಚ ಹಾಕ್ಲೇಬೇಕು ಅಂದ್ರೆ ಅರವತ್ನಾಲ್ಕು ಜನಕ್ಕೆ ಮಾಡಿ," ಎಂದಳು ಹೆಂಡತಿ, ತಟ್ಟೆ ಎತ್ತುತ್ತಾ. "ಆಗ ಸರಿಹೋಗುತ್ತೆ."

ಅವಳು ಹೇಳಿದ್ದು ಹಂಗಿಸಲಿಕ್ಕೆ. ಆದರೆ ಅವನು ಕೂತಲ್ಲಿಂದ ಎದ್ದು ನಿಂತ. ಬೆರಳು ಮಡಿಸಿ ಎಣಿಸಿದ, ಪೆನ್ಸಿಲ್ಲಿನಿಂದ ಎಣಿಸಿದ. ಮೆಣಸು ಹದಿನಾರು ಪಟ್ಟು ಹೆಚ್ಚಾಗಿದೆ. ಹಾಗಾದರೆ ಮಿಕ್ಕದ್ದನ್ನೆಲ್ಲ ಹದಿನಾರು ಪಟ್ಟು ಮಾಡಿದರೆ ಮೆಣಸು ನಾಲ್ಕೇ ಚಮಚ ಇರುತ್ತದೆ, ರುಚಿಯೂ ಇರುತ್ತದೆ, ಅಕ್ಷರವೂ ಉಳಿಯುತ್ತದೆ. ಅರವತ್ತನಾಲ್ಕು ಕ್ಯಾರೆಟ್, ಅರವತ್ತನಾಲ್ಕು ಬಟ್ಟಲು ನೀರು. ಹೆಂಡತಿ ಅವನ ಮುಖ ನೋಡಿ ತಟ್ಟೆ ಕೆಳಗಿಟ್ಟಳು. ತಾನು ತಮಾಷೆಗೆ ಹೇಳಿದ್ದು ಎಂದು ಮೂರು ಸಲ ಹೇಳಿದಳು. ಆ ಹೊತ್ತಿಗೆ ಅವನು ಪಾತ್ರೆಯ ಚಿಂತೆಯಲ್ಲಿದ್ದ.

ಅಷ್ಟು ದೊಡ್ಡ ಪಾತ್ರೆ ಕಟ್ಟಡದಲ್ಲಿ ಒಂದೇ ಇತ್ತು. ಅದು ನಿವಾಸಿಗಳ ಸಂಘದ್ದು, ಇದ್ದದ್ದು ಅಧ್ಯಕ್ಷರ ಮನೆಯ ಮಂಚದ ಕೆಳಗೆ. ಅಧ್ಯಕ್ಷರು ನೀರು ಸರಬರಾಜು ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಒಂಬತ್ತು ವರ್ಷದಿಂದ ಅವಿರೋಧವಾಗಿ ಆಯ್ಕೆಯಾಗುತ್ತಿದ್ದರು. ಒಂಬತ್ತು ವರ್ಷದಿಂದ ಮೂರನೆಯ ಮಹಡಿಗೆ ನೀರು ಏರುತ್ತಿರಲಿಲ್ಲ. ಇನ್ನು ಎರಡು ವಾರಕ್ಕೆ ಚುನಾವಣೆ. ಪಾತ್ರೆ ಬೇಕಾದವರು ಕಾರಣ ತಿಳಿಸಿ ಅರ್ಜಿ ಕೊಡಬೇಕೆಂದು ಅವರು ಒಂದು ನಮೂನೆ ಮಾಡಿಟ್ಟಿದ್ದರು. ಅಲ್ಪವಿರಾಮ ಮೊದಲು ನಮೂನೆಯಲ್ಲಿ ನಾಲ್ಕು ತಪ್ಪು ತಿದ್ದಿದ. ಆಮೇಲೆ 'ಉದ್ದೇಶ' ಎಂಬಲ್ಲಿ ಸೂಪು ಎಂದೂ, 'ಎಷ್ಟು ಜನಕ್ಕೆ' ಎಂಬಲ್ಲಿ ಅರವತ್ತನಾಲ್ಕು ಎಂದೂ ಬರೆದ.

ಅಧ್ಯಕ್ಷರು ಅರ್ಜಿಯನ್ನು ಎರಡು ಸಲ ಓದಿದರು. ಸಂಘದಲ್ಲಿ ಮತದಾರರು ಎಷ್ಟು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಅರವತ್ತೆರಡು.

ಮನೆಯಲ್ಲಿ ಏನಾದರೂ ಸಮಾರಂಭವೇ ಎಂದು ವಿಚಾರಿಸಿದರು. ಏನೂ ಇಲ್ಲ. ಯಾರಾದರೂ ಬರುತ್ತಿದ್ದಾರೆಯೇ. ಇಬ್ಬರು. ಹಾಗಾದರೆ ಉಳಿದ ಅರವತ್ತೆರಡು ಬಟ್ಟಲು? ಅಲ್ಪವಿರಾಮ ಈವರೆಗೆ ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಯಾರಾದರೂ ಕುಡೀತಾರೆ ಬಿಡಿ ಸಾರ್ ಎಂದುಬಿಟ್ಟ. ಅಧ್ಯಕ್ಷರು ನಿಯಮ ಮುರಿಯುವಂತಿರಲಿಲ್ಲ, ಪಾತ್ರೆ ಕೊಟ್ಟರು. ಆದರೆ ಅವನು ಅದನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಇಳಿಯುವುದನ್ನು ಕಂಬಿಗೆ ಒರಗಿ ನೋಡುತ್ತ ನಿಂತರು. ಆ ನೋಟವನ್ನು ಹದಿನೆಂಟು ಮನೆಗಳ ಕಿಟಕಿಗಳೂ ನೋಡಿದವು.

ಶುಕ್ರವಾರ ಸಂಜೆಯ ಹೊತ್ತಿಗೆ ಅಲ್ಪವಿರಾಮ ಚುನಾವಣೆಗೆ ನಿಂತಾಗಿತ್ತು. ಅವನಿಗೊಬ್ಬನಿಗೆ ಗೊತ್ತಿರಲಿಲ್ಲ.

ಶನಿವಾರ ತರಕಾರಿ ಚೀಲ ಹೊತ್ತು ಬರುವಾಗ, ಇದುವರೆಗೆ ತಲೆ ಕೂಡ ಆಡಿಸದಿದ್ದ ಎರಡನೇ ಮಹಡಿಯವರು ಅವನ ಕೈಯಿಂದ ಚೀಲ ತೆಗೆದುಕೊಂಡರು. ಮೂರನೆಯ ಮಹಡಿಯ ಒಬ್ಬ ಹೆಂಗಸು ಮೆಟ್ಟಿಲಿನಲ್ಲಿ ತಡೆದು, ತಾನು ಮೊದಲಿನಿಂದಲೂ ಅವನ ಕಡೆಯವಳು, ಆದರೆ ನೀರಿನದೊಂದು ನೆನಪಿರಲಿ ಎಂದಳು. ನೆನಪಿದೆ, ಅರವತ್ತನಾಲ್ಕು ಬಟ್ಟಲು ಎಂದ ಅವನು. ಅವಳು ಅದನ್ನು ಪ್ರತಿ ಮನೆಗೂ ಎಂದು ತಿಳಿದು ಬಹಳ ಸಂತೋಷಪಟ್ಟು ಹೋದಳು. ಒಬ್ಬ ಮುದುಕರು ಲಿಫ್ಟಿನ ಬಗ್ಗೆ ಬರೆದ ಮನವಿ ಕೊಟ್ಟರು. ಅಲ್ಪವಿರಾಮ ಮೆಟ್ಟಿಲಿನ ಮೇಲೆಯೇ ಕೂತು ಮೊದಲಿನಿಂದ ಕೊನೆಯವರೆಗೆ ಓದಿ, ಹನ್ನೊಂದು ತಪ್ಪು ತಿದ್ದಿ ವಾಪಸು ಕೊಟ್ಟ. ಒಂಬತ್ತು ವರ್ಷದಲ್ಲಿ ತನ್ನ ಮನವಿಯನ್ನು ಪೂರ್ತಿ ಓದಿದ ಮೊದಲ ಮನುಷ್ಯ ಇವನೇ ಎಂದು ಮುದುಕರು ಎಲ್ಲರಿಗೂ ಹೇಳಿದರು. ಅದು ನಿಜವೂ ಆಗಿತ್ತು.

ಕಂಡಕ್ಟರು ಬಂದು ಬಾಗಿಲು ಹಾಕಿಕೊಂಡು ತಗ್ಗಿದ ದನಿಯಲ್ಲಿ, ಭಾನುವಾರ ಜನರನ್ನು ಸಂಭಾಳಿಸುವುದು ತನಗೆ ಬಿಡಬೇಕು ಎಂದರು. ಯಾವ ಜನ ಎಂದು ಕೇಳಿದ ಅಲ್ಪವಿರಾಮ. ಕಂಡಕ್ಟರು ಕಣ್ಣು ಮಿಟುಕಿಸಿ ಹೋದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕೆಲಸ ಶುರುವಾಯಿತು. ಪಾತ್ರೆ ಒಂದು ಒಲೆಯ ಮೇಲೆ ಕೂರಲಿಲ್ಲ. ಎರಡು ಒಲೆಗಳ ಮೇಲೆ ಅಡ್ಡಲಾಗಿ ಕೂತಿತು. ಹೆಂಡತಿ ಹೇಳಿದ ಮಾತಿನಂತೆ ಕಾಲು ಚಾಚಿಕೊಂಡು ಕೂತಿದ್ದಳು. ಹದಿನಾಲ್ಕನೆಯ ಕ್ಯಾರೆಟ್ಟಿನಲ್ಲಿ ಅವನು ಬೆರಳು ಕೊಯ್ದುಕೊಂಡಾಗ ಒಂದು ಕಾಲು ಮಡಿಸಿದಳು. ಮೂವತ್ತನೆಯದರಲ್ಲಿ ಅವನು ಕ್ಯಾರೆಟ್ಟನ್ನು ಬಿಟ್ಟು ಕ್ಯಾರೆಟ್ ಸುತ್ತಿ ಬಂದಿದ್ದ ಹಳೆಯ ಪತ್ರಿಕೆ ತಿದ್ದುತ್ತ ನಿಂತದ್ದು ಕಂಡು ಎದ್ದು ಬಂದು ಚಾಕು ಕಿತ್ತುಕೊಂಡಳು. ಉಳಿದ ಮೂವತ್ನಾಲ್ಕೂ ಅವಳ ಕೈಯಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿದವು.

ಹನ್ನೊಂದಕ್ಕೆ ಎಲ್ಲ ಬೆಂದಿತು. ಅರೆಯಬೇಕಾದಾಗ ಮನೆಯ ಮಿಕ್ಸಿ ಆರನೆಯ ಸಲಕ್ಕೆ ಸುಟ್ಟ ವಾಸನೆ ಬಿಟ್ಟು ನಿಂತಿತು. ಸುದ್ದಿ ಹೇಗೆ ಹೋಯಿತೋ, ಕಂಡಕ್ಟರ ಮನೆಯಿಂದ ಒಂದು, ಎರಡನೇ ಮಹಡಿಯಿಂದ ಎರಡು ಮಿಕ್ಸಿ ಬಂದವು. ಮೂರನ್ನೂ ಒಟ್ಟಿಗೆ ಹಾಕಿದ್ದೇ ತಡ, ಟಪ್ ಎಂದು ಸದ್ದಾಯಿತು. ಇಡೀ ಕಟ್ಟಡದ ಕರೆಂಟು ಹೋಯಿತು.

ಭಾನುವಾರ ಹನ್ನೊಂದೂವರೆಗೆ ಫ್ಯಾನು, ಟೀವಿ ನಿಂತರೆ ಜನ ಮನೆಯೊಳಗೆ ಯಾಕಿರುತ್ತಾರೆ. ಎಲ್ಲರೂ ಹೊರಬಂದರು. ಬಂದವರ ಮೂಗಿಗೆ ಬೆಣ್ಣೆಯಲ್ಲಿ ಬಾಡಿದ ಈರುಳ್ಳಿಯ, ಬೆಂದ ಬೆಳ್ಳುಳ್ಳಿಯ ಘಮ ಬಡಿಯಿತು. ಬೈಯಲು ಬಂದವರು ಬೈಯುವುದನ್ನು ಮುಂದೂಡಿ, ಬಟ್ಟಲು ತರಲು ವಾಪಸು ಹೋದರು. ಹೆಂಡತಿ ಉಳಿದದ್ದನ್ನು ಸೌಟಿನ ಹಿಂಬದಿಯಿಂದ ಮಸೆದು ನುಣ್ಣಗೆ ಮಾಡಿದಳು, ಅರವತ್ತನಾಲ್ಕು ಚಮಚ ಕೆನೆ ಸುರಿದಳು. ಕೊನೆಗೆ ಅಲ್ಪವಿರಾಮ ಎಲ್ಲರನ್ನೂ ಹಿಂದೆ ಸರಿಯಲು ಹೇಳಿ, ಅಚ್ಚಾದ ಹಾಗೆಯೇ ನಾಲ್ಕು ಚಮಚ ಕಾಳುಮೆಣಸಿನ ಪುಡಿ ಹಾಕಿದ. ರುಚಿ ನೋಡಿದ. ಒಂದು ನಿಮಿಷ ಕಾದ. ಕಿವಿ ತಣ್ಣಗಿತ್ತು.

ಅಷ್ಟು ಹೊತ್ತಿಗೆ ಕಂಡಕ್ಟರು ಬಾಗಿಲಲ್ಲಿ ನಿಂತು ಕೆಲಸಕ್ಕೆ ಇಳಿದಿದ್ದರು. ನಿವೃತ್ತಿಯಾಗಿ ಆರು ವರ್ಷದ ಮೇಲೆ ಸಿಕ್ಕ ಮೊದಲ ತುಂಬಿದ ಬಸ್ಸು ಇದು. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ, ತಗೊಂಡವರು ಮೇಲಕ್ಕೆ, ಮುಂದೆ ಹೋಗಿ, ಒಳಗೆ ಜಾಗ ಇದೆ ಎಂದು ಕೂಗುತ್ತ ಮೂರು ಮಹಡಿಯ ಮೆಟ್ಟಿಲನ್ನೂ ತುಂಬಿಸಿದರು. ಸೂಪು ಚೆನ್ನಾಗಿತ್ತು. ಕುಡಿದವರು ಗೋಡೆಗೆ ಒರಗಿ, ಇಂಥ ಮನುಷ್ಯ ಇಷ್ಟು ವರ್ಷ ಎಲ್ಲಿದ್ದ ಎಂದು ಮಾತಾಡಿಕೊಂಡರು. ಅವನು ಹದಿನೈದು ವರ್ಷದಿಂದ ಒಂದನೇ ಮಹಡಿಯಲ್ಲೇ ಇದ್ದ.

ಅಧ್ಯಕ್ಷರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇಳಿದು ಬಂದರು. ಮೆಟ್ಟಿಲಿನ ಮೇಲೆ ನಿಂತೇ, ಸಂಘದ ಪಾತ್ರೆಯಲ್ಲೇ ಸಂಘದ ಅಧ್ಯಕ್ಷನ ವಿರುದ್ಧ ಪ್ರಚಾರ ಮಾಡುವುದು ಯಾವ ನ್ಯಾಯ ಎಂದು ಕೇಳಿದರು. ಅಲ್ಪವಿರಾಮ ಸೌಟು ಹಿಡಿದುಕೊಂಡೇ, ತಾನು ಯಾರ ವಿರುದ್ಧವೂ ಇಲ್ಲ, ಯಾವುದಕ್ಕೂ ನಿಲ್ಲುತ್ತಿಲ್ಲ ಎಂದ.

"ನಾನೂ ಒಂಬತ್ತು ವರ್ಷದ ಹಿಂದೆ ಹಾಗೇ ಹೇಳಿದ್ದೆ," ಎಂದರು ಅಧ್ಯಕ್ಷರು.

ಜನ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದ್ದು ಎಂದು ಇಬ್ಬರಿಗೂ ತಿಳಿಯಲಿಲ್ಲ.

ಸಂಪಾದಕರೂ ಟೀಚರೂ ಬಂದದ್ದು ಆ ಚಪ್ಪಾಳೆಯ ನಡುವೆ. ಮನೆಯವರನ್ನು ನೋಡಬೇಕು ಎಂದರೆ ಕಂಡಕ್ಟರು ಒಪ್ಪಲಿಲ್ಲ. ಎಲ್ಲರೂ ನೋಡಲಿಕ್ಕೇ ಬಂದವರು, ಸಾಲಿನಲ್ಲಿ ಬನ್ನಿ ಎಂದರು. ತಾನು ಸಂಪಾದಕ ಎಂದು ಸಂಪಾದಕರು ಹೇಳಿಕೊಂಡಾಗ, ಪಾಸು ಇದ್ದವರೂ ಸಾಲಿನಲ್ಲೇ ಎಂದರು. ಹೀಗಾಗಿ ಪತ್ರಿಕೆಯ ಸಂಪಾದಕರು ಇಪ್ಪತ್ತು ನಿಮಿಷ ಮೆಟ್ಟಿಲ ಮೇಲೆ ನಿಂತು, ಲಿಫ್ಟಿನ ಮನವಿಯ ಮುದುಕರಿಂದ ಅಲ್ಪವಿರಾಮನ ಗುಣಗಾನ ಕೇಳಿಸಿಕೊಂಡು, ಯಾರದೋ ಮನೆಯ ಸ್ಟೀಲು ಬಟ್ಟಲು ಕೈಯಲ್ಲಿ ಹಿಡಿದು ಬಾಗಿಲಿಗೆ ತಲುಪಿದರು.

ಅವರನ್ನು ಕಂಡು ಅಲ್ಪವಿರಾಮನ ಕೈಯಿಂದ ಸೌಟು ಜಾರಿತು. ಹೆಂಡತಿ ಎತ್ತಿಕೊಂಡು ಇಬ್ಬರಿಗೂ ಬಡಿಸಿದಳು. ಸಂಪಾದಕರು ಕುಡಿದರು. ಮತ್ತೆ ಕುಡಿದರು. ಬಟ್ಟಲು ಖಾಲಿಮಾಡಿ ಟೀಚರ ಕಡೆ ತಿರುಗಿ, ಕುಡಿಯೋ ಹಾಗಿದೆಯಲ್ಲ ಎಂದರು. ಅಷ್ಟೇ ಸಾಕಿತ್ತು. ಮೇಜು ಉಳಿಯಿತು, ಮಾನ ಉಳಿಯಿತು. ಅಲ್ಪವಿರಾಮನ ಎದೆಯೊಳಗೆ ಒಂದು ವಾರದಿಂದ ಓಡಾಡುತ್ತಿದ್ದುದು ಮೊದಲ ಸಲ ಕೂರಲು ಹೊರಟಿತು.

ಟೀಚರ್ ಒಂದು ಗುಟುಕು ಕುಡಿದು ಬಟ್ಟಲನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಅವರ ಮುಖದ ಮೇಲಿದ್ದುದು ಕೋಪವಲ್ಲ. ಹನ್ನೊಂದು ವರ್ಷದ ಅಂಕಣ ಇವತ್ತಿಗೆ ಮುಗಿಯಿತು ಎಂದು ಲೆಕ್ಕ ಹಾಕುತ್ತಿರುವವರ ಮುಖ ಅದು. ಅವರು ಕೈಚೀಲ ತೋಳಿಗೆ ಏರಿಸಿಕೊಂಡು, ಹೋಗುವ ಮೊದಲು ಇನ್ನೊಂದು ಗುಟುಕು ಕುಡಿದರು. ಆಮೇಲೆ ಹುಬ್ಬು ಗಂಟಿಕ್ಕಿ, ಇದು ತನ್ನದೇ ಸೂಪು ಎಂದರು. ಪಾತ್ರೆ ತೋರಿಸಿ ಎಂದರು.

ಒಲೆಯ ಮೇಲಿನ ಪಾತ್ರೆಯ ಒಳಗೆ ಬಗ್ಗಿ ನೋಡಿದರು. ಬಾಗಿಲಲ್ಲಿ ಜನ ಕತ್ತು ಚಾಚಿದರು. ಕಂಡಕ್ಟರು ಕೂಡ ಕೂಗುವುದನ್ನು ನಿಲ್ಲಿಸಿದರು.

"ಇದಕ್ಕೆ ನಾಲ್ಕು ಚಮಚ ಹಾಕಿದ್ರಾ?"

"ಹೌದು ಟೀಚರ್. ಅಚ್ಚಾದ ಹಾಗೇ."

"ಇದು ಎಷ್ಟು ಜನಕ್ಕೆ?"

ಅಲ್ಪವಿರಾಮ ಹೆಂಡತಿಯ ಕಡೆ ನೋಡಿದ. ಅವಳು ಪಾತ್ರೆಯ ಅಂಚು ಒರೆಸುತ್ತಿದ್ದಳು; ಸಹಾಯಕ್ಕೆ ಬರಲಿಲ್ಲ. ನಾಲ್ಕು ಜನಕ್ಕೆ ಎಂದು ಹೇಳಲು ಸಾಧ್ಯವಿರಲಿಲ್ಲ, ಮೆಟ್ಟಿಲ ಮೇಲೆ ಅರವತ್ತು ಜನ ಬಟ್ಟಲು ನೆಕ್ಕುತ್ತಿದ್ದರು.

"ಅರವತ್ನಾಲ್ಕು," ಎಂದ.

"ನಾನು ಬರೆದದ್ದು ನಾಲ್ಕು ಜನಕ್ಕೆ. ಅದಕ್ಕಿಂತ ಇದು ಎಷ್ಟು ಪಟ್ಟು?"

"ಹದಿನಾರು."

"ನಾಲ್ಕನ್ನ ಹದಿನಾರರಿಂದ ಭಾಗಿಸಿದ್ರೆ ಎಷ್ಟು ಬರುತ್ತೆ?"

ಮೂವತ್ತು ವರ್ಷ ಹಿಂದಿನ ಬೆಂಚಿನವರೆಗೆ ಕೇಳಿಸಿದ ದನಿ ಅದು. ಬಾಗಿಲಲ್ಲಿದ್ದ ಎರಡು ಮೂರು ಜನರ ತುಟಿ ತಾವಾಗಿಯೇ ಅಲ್ಲಾಡತೊಡಗಿದವು. ಟೀಚರ್ ಅವರಿಗೆ ಕಣ್ಣಿನಲ್ಲೇ ಸುಮ್ಮನಿರಲು ಹೇಳಿದರು. ಉತ್ತರ ಒಬ್ಬನಿಂದಲೇ ಬರಬೇಕಿತ್ತು. ಅಲ್ಪವಿರಾಮ ಬೆರಳಿಗೆ ಕಟ್ಟಿದ್ದ ಪಟ್ಟಿ ನೋಡಿಕೊಂಡ. ಅವರು ತೋಳಿಗೇರಿಸಿದ್ದ ಕೈಚೀಲ ನೋಡಿದ.

"ಕಾಲು," ಎಂದ.

"ಹಿಂದಿನವರಿಗೆ ಕೇಳಿಸ್ಲಿಲ್ಲ."

"ಕಾಲು ಚಮಚ ಟೀಚರ್. ನೀವು ಬರೆದದ್ದೇ ಸರಿ. ನಾನು ತಿದ್ದಿದ್ದು ತಪ್ಪು. ನಮ್ಮನೇಲಿ ನಾಲ್ಕು ಹಾಕ್ತೀವಿ ಅಂದದ್ದು ಸುಳ್ಳು. ನಮ್ಮನೇಲಿ ಸೂಪೇ ಮಾಡಲ್ಲ."

ಒಂದು ಸಲ ಬಾಯಿ ಬಿಟ್ಟ ಮೇಲೆ ಅವನಿಗೆ ನಿಲ್ಲಿಸಲು ಬರಲಿಲ್ಲ. ಚುನಾವಣೆಗೂ ನಿಲ್ಲುತ್ತಿಲ್ಲ, ಅದು ಯಾರು ಹಬ್ಬಿಸಿದ್ದೋ ಗೊತ್ತಿಲ್ಲ, ಕರೆಂಟು ಹೋದದ್ದು ತನ್ನಿಂದಲೇ, ಸೂಪು ಮಾಡಿದ್ದು ಯಾರ ಮೇಲಿನ ಪ್ರೀತಿಗೂ ಅಲ್ಲ, ಒಂದು ಅಕ್ಷರ ಉಳಿಸಿಕೊಳ್ಳಲಿಕ್ಕೆ ಎಂದು ಬಾಗಿಲಿನವರೆಗೂ ಹೋಗಿ ಎಲ್ಲರಿಗೂ ಹೇಳಿದ. ಲಿಫ್ಟಿನ ಮುದುಕರು ನಿಟ್ಟುಸಿರು ಬಿಟ್ಟರು. ತಮ್ಮ ಪಕ್ಷ ಹುಟ್ಟಿದ ದಿನವೇ ಮುಳುಗಿದ್ದಕ್ಕೆ ಕಂಡಕ್ಟರಿಗೆ ನಿಜವಾಗಿ ಬೇಸರವಾಯಿತು. ಅಧ್ಯಕ್ಷರು ಮಾತ್ರ ಹಿಂದೆಂದೂ ಕಾಣದ ಸೌಜನ್ಯದಿಂದ ಮುಂದೆ ಬಂದು, ತಪ್ಪು ಯಾರಿಂದಲೂ ಆಗುತ್ತದೆ ಎಂದು ಸಮಾಧಾನ ಹೇಳಿ, ಬಟ್ಟಲು ಚಾಚಿದರು. ಎರಡು ಸಲ ಹಾಕಿಸಿಕೊಂಡು ಕುಡಿದು, ಪಾತ್ರೆ ಐದು ಗಂಟೆಯೊಳಗೆ ತೊಳೆದು ಬರಬೇಕೆಂದು ನೆನಪಿಸಿ ಮೇಲೆ ಹೋದರು.

ಸಂಪಾದಕರು ಬಟ್ಟಲು ಕೆಳಗಿಟ್ಟು, ಗೋದಾಮಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ತಮ್ಮಷ್ಟಕ್ಕೆ ತಾವೇ ಎಂಬಂತೆ ಕೇಳಿದರು. ಟೀಚರ್ ಅದಕ್ಕೆ ಒಪ್ಪಲಿಲ್ಲ. ಒಂದು ತಪ್ಪು ಮುಚ್ಚಲು ಅರವತ್ತನಾಲ್ಕು ಕ್ಯಾರೆಟ್ ಹೆಚ್ಚುವ ಮನುಷ್ಯ ಇನ್ನು ಮೇಲೆ ಒಂದು ಅಕ್ಷರ ಮುಟ್ಟುವ ಮೊದಲು ಹತ್ತು ಸಲ ಯೋಚಿಸುತ್ತಾನೆ, ಅಂಥವನನ್ನು ಕಳೆದುಕೊಳ್ಳುವುದು ಪತ್ರಿಕೆಗೇ ನಷ್ಟ ಎಂದರು. ತಿದ್ದುಪಡಿಯನ್ನು ಮಾತ್ರ ಅವನೇ ಬರೆದು ಅವನ ಹೆಸರಿನಲ್ಲೇ ಹಾಕಬೇಕು. ಅಲ್ಪವಿರಾಮ ಅಲ್ಲೇ ಕ್ಯಾರೆಟ್ ಸುತ್ತಿದ್ದ ಹಾಳೆಯ ಅಂಚಿನಲ್ಲಿ ಬರೆದ. ಐದು ಸಲ ಹೊಡೆದು ಹಾಕಿ ಆರನೆಯ ಸಲ ಒಂದು ವಾಕ್ಯ ನಿಂತಿತು. ಕೊನೆಗೆ ಹುಟ್ಟಿದಾಗ ಇಟ್ಟ ಹೆಸರನ್ನು ಬರೆದ. ಸಂಪಾದಕರು ಓದಿ, ಇದು ಯಾರು ಎಂದು ಕೇಳಿದರು.

ಕಟ್ಟಡದವರೆಲ್ಲ ಹೋದ ಮೇಲೆ ನೋಡಿದರೆ ಪಾತ್ರೆ ತಳ ಕಾಣುತ್ತಿತ್ತು. ಬೆಳಿಗ್ಗೆಯಿಂದ ಗಂಡ ಹೆಂಡತಿಯ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಕ್ಯಾರೆಟ್ ಇದ್ದರೆ ಕೊಡಿ ಎಂದರು. ಹೆಂಡತಿ ಹುಡುಕಿದಳು, ತರಕಾರಿಯವ ಹೆಚ್ಚಿಗೆ ಹಾಕಿದ್ದವು ಚೀಲದ ತಳದಲ್ಲಿ ಐದು ಸಿಕ್ಕವು. ಅರ್ಧ ಗಂಟೆಯಲ್ಲಿ ನಾಲ್ಕು ಬಟ್ಟಲು ಮೇಜಿನ ಮೇಲೆ ಹಬೆಯಾಡಿದವು. ಮೆಣಸನ್ನು ಅಲ್ಪವಿರಾಮನ ಕೈಯಿಂದಲೇ ಹಾಕಿಸಿದರು. ಅವನು ಕಾಲು ಚಮಚವನ್ನು ಚಾಕುವಿನ ಮೊನೆಯಿಂದ ಸಮ ಮಾಡಿ, ಉಸಿರು ಬಿಗಿಹಿಡಿದು ಹಾಕಿದ.

ನಾಲ್ವರೂ ಕೂತು ಕುಡಿದರು. ಹೆಂಡತಿ ಚೆನ್ನಾಗಿದೆ ಎಂದಳು. ಸಂಪಾದಕರು ತಲೆದೂಗಿದರು. ಅಲ್ಪವಿರಾಮ ಆ ವಾರದಲ್ಲಿ ಮೊದಲ ಬಾರಿ ಕುರ್ಚಿಗೆ ಬೆನ್ನು ಒರಗಿಸಿ ಕೂತ.

ಟೀಚರ್ ಮೂರನೆಯ ಚಮಚ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸೂರು ನೋಡಿದರು.

"ಇನ್ನೊಂಚೂರು ಮೆಣಸು ಇದ್ದಿದ್ರೆ ಚೆನ್ನಾಗಿರ್ತಿತ್ತೇನೋ," ಎಂದರು.

ಅಲ್ಪವಿರಾಮ ಮೆಲ್ಲಗೆ ಎದ್ದು, ಮೆಣಸಿನ ಬಾಟಲಿಯ ಮುಚ್ಚಳ ಬಿಗಿಮಾಡಿ, ಕೈ ಎಟುಕದ ಮೇಲಿನ ಗೂಡಿಗೆ ಸ್ಟೂಲು ಹಾಕಿ ಹತ್ತಿ ಇಟ್ಟು ಇಳಿದು ಬಂದ.

"ನೀವು ಬರೆದದ್ದು ಎಷ್ಟೋ ಅಷ್ಟೇ ಇರ್ಲಿ ಟೀಚರ್," ಎಂದ.